ಹೊಸ್ತಿಲ ಹೊರಗಿನ ಬೂಟು

ಮದರಾಸಿನ ಪರಂಗಿಮಲೆಯ ಬುಡದಲ್ಲಿದ್ದ ಮಧ್ವರಾಜರ ಕಾಫಿ ಕ್ಲಬ್ಬಿಗೆ ನಿಜವಾಗಿ ಅನ್ನ ಹಾಕುತ್ತಿದ್ದವಳು ಬೆಟ್ಟದ ಮೇಲಿನ ಇಗರ್ಜಿಯ ಮಾತೆ. ಆದರೆ ಈ ಮಾತನ್ನು ಅವರೆದುರು ಆಡುವ ಧೈರ್ಯ ಯಾರಿಗೂ ಇರಲಿಲ್ಲ. ಎಲ್ಲ ಉಡುಪಿ ಕೃಷ್ಣನ ದಯೆ ಎಂದು ಅವರು ಗಲ್ಲಾದ ಹಿಂದೆ ಕೃಷ್ಣನ ಪಟ ತೂಗುಹಾಕಿ ದಿನಾ ಬೆಳಿಗ್ಗೆ ಅದಕ್ಕೆ ತುಳಸಿ ಏರಿಸುತ್ತಿದ್ದರು. ಇಡ್ಲಿ ತಿನ್ನಲು ಬರುತ್ತಿದ್ದವರು ಮಾತ್ರ ಹೆಚ್ಚಾಗಿ ಬೆಟ್ಟ ಹತ್ತಿ ಇಳಿದವರೇ. ತುಂಬಿದ ಬಸುರಿಯರು, ಮದುವೆಯಾಗಿ ಹತ್ತು ವರ್ಷವಾದರೂ ಮಡಿಲು ತುಂಬದವರು, ಹೆರಿಗೆ ಸುಸೂತ್ರವಾಯಿತೆಂದು ಕೂಸನ್ನು ಎತ್ತಿಕೊಂಡು ಬಂದ ತಿರುವೊಟ್ಟಿಯೂರಿನ ಮೀನುಗಾರರು. ಡಿಸೆಂಬರ್ ಹದಿನೆಂಟಕ್ಕೆ ಮಾತೆಯ ಹಬ್ಬ. ಅದಕ್ಕೆ ಒಂಬತ್ತು ದಿನ ಮೊದಲು, ನಮ್ಮ ಕಡೆಯ ದೇವಸ್ಥಾನಗಳಲ್ಲಿ ಕೊಡಿ ಏರುವ ಹಾಗೆಯೇ, ಬೆಟ್ಟದ ಮೇಲೆ ಬಾವುಟ ಏರುತ್ತಿತ್ತು. ಅದು ಏರಿತೆಂದರೆ ಹೋಟೆಲಿನ ರುಬ್ಬುವ ಕಲ್ಲಿಗೆ ಬಿಡುವಿಲ್ಲ.

ಇಪ್ಪತ್ತೆರಡು ವರ್ಷ ಆ ಬುಡದಲ್ಲೇ ಕೂತ ಮಧ್ವರಾಜರು ಒಂದು ಮೆಟ್ಟಿಲನ್ನೂ ಹತ್ತಿದವರಲ್ಲ. "ಅವರ ದೇವರು ಅವರಿಗೆ, ನಮ್ಮ ಸಾಂಬಾರು ಎಲ್ಲರಿಗೆ" ಎನ್ನುತ್ತಿದ್ದರು. ಹೇಳಿ ತಾವೇ ನಗುತ್ತಿದ್ದರು.

ಹೋಟೆಲಿನ ಹಿಂದೆಯೇ ಮನೆ. ಎರಡಕ್ಕೂ ಅಡುಗೆಮನೆ ಒಂದೇ. ಮಡಿ ಅಡುಗೆ ಎಂದು ಹೆಸರು ಮಾಡಿದ ಹೋಟೆಲಾದ್ದರಿಂದ ಮನೆಯಲ್ಲಿ ಕಟ್ಟುನಿಟ್ಟು ಜಾಸ್ತಿ. ಚರ್ಮದ ವಸ್ತು ಯಾವುದೂ ಹಿಂದಿನ ಜಗಲಿ ದಾಟಿ ಒಳಗೆ ಬರುವಂತಿಲ್ಲ. ಮಗ ಕೃಷ್ಣರಾಜ ಕೋಡಂಬಾಕ್ಕಂನ ಸಿನಿಮಾ ಸ್ಟುಡಿಯೋದ ಕ್ಯಾಂಟೀನಿನಲ್ಲಿ ಸ್ಟೋರು ನೋಡಿಕೊಳ್ಳುತ್ತಿದ್ದ. ಅವನು ಸಂಜೆ ಬಂದರೆ ಚಪ್ಪಲಿಯ ಜೊತೆ ಸೊಂಟದ ಬೆಲ್ಟು, ಜೇಬಿನ ಪರ್ಸು ಎಲ್ಲ ಜಗಲಿಯ ಗೂಡಿನಲ್ಲಿಟ್ಟು, ಪಂಚೆ ಕೈಯಲ್ಲಿ ಹಿಡಿದುಕೊಂಡೇ ಒಳಗೆ ಬರಬೇಕಿತ್ತು.

ಆ ಗೂಡಿಗೆ ಐವತ್ತೆಂಟನೇ ಇಸವಿಯ ಜೂನ್ ತಿಂಗಳಲ್ಲಿ ಒಂದು ಬೂಟು ಬಂತು.

ಕೃಷ್ಣರಾಜನ ಮಗಳು ಬೇಬಿಗೆ ಆರು ವರ್ಷ. ನಾಲ್ಕರಲ್ಲಿ ಬಂದ ಜ್ವರ ಮೂರು ದಿನಕ್ಕೆ ಇಳಿಯಿತು. ಇಳಿಯುವಾಗ ಎಡಗಾಲಿನ ಬಲವನ್ನೂ ತೆಗೆದುಕೊಂಡು ಹೋಯಿತು. ಅಂದಿನಿಂದ ಮಗು ಮನೆಯೊಳಗೆ ಅಂಗೈ ಊರಿ, ಮಂಡಿ ಎಳೆದುಕೊಂಡು ಓಡಾಡುತ್ತಿತ್ತು. ಎರಡು ವರ್ಷ ಆಸ್ಪತ್ರೆ ಸುತ್ತಿದ ಮೇಲೆ ಒಬ್ಬ ಡಾಕ್ಟರು ಅಳತೆ ತೆಗೆಸಿ, ಕಾಲಿನ ಎರಡೂ ಬದಿಗೆ ಕಬ್ಬಿಣದ ಸರಳು, ತೊಡೆಗೆ ಚರ್ಮದ ಪಟ್ಟಿ, ಕೆಳಗೆ ಬೂಟು ಇರುವ ಒಂದು ಸಾಧನ ಮಾಡಿಸಿಕೊಟ್ಟರು. ಕೊಡುವಾಗ ಬೇಬಿಯ ತಾಯಿ ಸರಸಳಿಗೆ ತಮಿಳಿನಲ್ಲಿ ಖಡಾಖಂಡಿತವಾಗಿ ಹೇಳಿದ್ದರು. ಎದ್ದಾಗಿನಿಂದ ಮಲಗುವವರೆಗೆ ಇದು ಕಾಲಲ್ಲಿರಬೇಕು. ಆರು ತಿಂಗಳು ಬಿಡದೆ ಹಾಕಿದರೆ ಹುಡುಗಿ ಕೋಲು ಹಿಡಿದು ನಡೆಯುತ್ತಾಳೆ. ಇಲ್ಲದಿದ್ದರೆ ಮಂಡಿ ಮಡಚಿಕೊಂಡೇ ಗಟ್ಟಿಯಾಗುತ್ತದೆ, ಆಮೇಲೆ ತನ್ನ ಹತ್ತಿರ ಅಳುತ್ತ ಬರಬಾರದು.

ಬೂಟು ಹಾಕಿಸಿಕೊಂಡು ಗಾಡಿಯಿಂದಿಳಿದ ಬೇಬಿ ತಾಯಿಯ ಕೈ ಹಿಡಿದು ಜಗಲಿಯವರೆಗೆ ಟಕ್ಕು ಟಕ್ಕೆಂದು ನಡೆದಳು. ಮಧ್ವರಾಜರ ಕಣ್ಣಲ್ಲಿ ನೀರು ಬಂತು. ಹೊಸ್ತಿಲಿಗೆ ಬಂದಾಗ ಅವರೇ ಅಡ್ಡ ಕೈ ಹಿಡಿದರು.

"ಇದು ಎಂತದ್ರ ಚರ್ಮ?"

"ಗೊತ್ತಿಲ್ಲ ಮಾವ."

"ಗೊತ್ತಿಲ್ಲದ್ದನ್ನು ಒಳಗೆ ತರುದು ಹೇಗೆ? ದನದ್ದಾದ್ರೆ? ನಾಳೆ ಗಿರಾಕಿಗಳು ಕೇಳಿದ್ರೆ ನಾನು ಎಂತ ಹೇಳ್ಲಿ?"

"ನೀವು ಜಪಕ್ಕೆ ಕೂರುದು ಜಿಂಕೆ ಚರ್ಮದ ಮೇಲಲ್ವಾ ಮಾವ?"

"ಜಿಂಕೆಗೂ ದನಕ್ಕೂ ವ್ಯತ್ಯಾಸ ತಿಳಿಯದ ಹೆಣ್ಣನ್ನು ಮನೆಗೆ ತಂದದ್ದು ನನ್ನ ತಪ್ಪು," ಎಂದರು ಮಧ್ವರಾಜರು. ಒಳಗಿನಿಂದ ಅವರ ಹೆಂಡತಿ ಅಂಬುಜಮ್ಮ, "ಹೊರಗೆ ಹಾಕ್ಲಿ, ಒಳಗೆ ಬಿಚ್ಲಿ. ಅದಕ್ಕೆ ಎಂತ ಇಷ್ಟು ರಾದ್ಧಾಂತ?" ಎಂದು ಕೂಗಿದರು.

"ದಿನದ ಹೆಚ್ಚು ಹೊತ್ತು ಒಳಗೇ ಇರುದಲ್ವಾ ಅತ್ತೆ ಅವಳು?"

"ಒಳಗೆ ನಡಿಲಿಕ್ಕೆ ಎಂತ ಅವಸರ ಮಾರಾಯ್ತಿ? ಅಜ್ಜನ ಸೊಂಟ ಇಲ್ವಾ?" ಎಂದರು ಮಧ್ವರಾಜರು. ಪಟ್ಟಿಗಳನ್ನು ಸರಸಳಿಂದಲೇ ಬಿಚ್ಚಿಸಿ, ಮೊಮ್ಮಗಳನ್ನು ಸೊಂಟಕ್ಕೇರಿಸಿಕೊಂಡು, ಗಲ್ಲಾದ ಡಬ್ಬಿಯಿಂದ ಕಲ್ಲುಸಕ್ಕರೆ ತೆಗೆದು ಬಾಯಿಗಿಟ್ಟರು. ಅವರಿಗೆ ಆ ಮಗುವೆಂದರೆ ಪ್ರಾಣ. ಪ್ರೀತಿಯಿಲ್ಲದವರೊಂದಿಗೆ ಜಗಳ ಆಡಬಹುದು. ಸೊಂಟದಿಂದ ಮಗುವನ್ನು ಇಳಿಸದಷ್ಟು ಪ್ರೀತಿಸುವವರೊಂದಿಗೆ ಸೊಸೆ ಹೇಗೆ ಜಗಳ ಆಡಬೇಕಿತ್ತು?

ಮರುದಿನ ಬೆಳಿಗ್ಗೆ ಗಂಡ ರೈಲಿಗೆ ಹೊರಡುವಾಗ ಅವಳು ತಿಂಡಿ ಬಡಿಸುತ್ತ ಕೇಳಿದಳು.

"ಕೋಡಂಬಾಕ್ಕಂನಲ್ಲೇ ಒಂದು ಕೋಣೆ ಹಿಡಿಯುವ. ಒಂದೇ ಕೋಣೆ ಸಾಕು. ಅಲ್ಲಿ ಅವಳು ಬೂಟು ಹಾಕ್ಕೊಂಡೇ ಇರ್ಬಹುದು."

"ಅಪ್ಪಯ್ಯನಿಗೆ ಎಂತ ಹೇಳುದು? ಹಿಟ್ಟು ರುಬ್ಬುದು ಯಾರು?"

"ನನ್ನನ್ನು ಮದುವೆಯಾದದ್ದು ಹಿಟ್ಟು ರುಬ್ಲಿಕ್ಕಾ?"

ಕೃಷ್ಣರಾಜ ದೋಸೆಯನ್ನು ಅರ್ಧಕ್ಕೇ ಬಿಟ್ಟು ಕೈ ತೊಳೆದ. "ಡಿಸೆಂಬರ್ ಹಬ್ಬ ಒಂದು ಕಳೀಲಿ. ಆಮೇಲೆ ನೋಡುವ." ಅವನು ಕೆಟ್ಟವನಲ್ಲ. 'ಆಮೇಲೆ ನೋಡುವ' ಎಂಬ ಎರಡು ಶಬ್ದದ ಮೇಲೆ ಮನೆ ಕಟ್ಟಿಕೊಂಡವನು, ಅಷ್ಟೇ.

*

ಬೆಟ್ಟದ ಮೆಟ್ಟಿಲು ಶುರುವಾಗುವಲ್ಲಿ ಅರೋಕಿಯಮ್ಮನ ಮೇಣದಬತ್ತಿಯ ಅಂಗಡಿ. ಹೋಟೆಲಿಗೆ ಎದುರೇ. ವರ್ಷಗಟ್ಟಲೆ ಹೋಟೆಲಿನವರ ಜೊತೆ ಮಾತಾಡಿ ಅವಳ ತಮಿಳಿಗೆ ಅರ್ಧ ಕನ್ನಡ ಅಂಟಿತ್ತು. ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಹೋಟೆಲಿಗೆ ಬಿಡುವು. ಆ ಹೊತ್ತಿಗೆ ಸರಸ ಬೇಬಿಗೆ ಬೂಟು ಹಾಕಿ ಬೀದಿಯಲ್ಲಿ ಅತ್ತಿಂದಿತ್ತ ನಡೆಸುತ್ತಿದ್ದಳು. ಜಟಕಾ, ಮಿಲಿಟರಿ ಲಾರಿ, ಸೈಕಲ್ಲುಗಳ ನಡುವೆ ಮಗು ಹೆದರಿ ತಾಯಿಯ ಸೆರಗು ಹಿಡಿದು ನಿಂತುಬಿಡುತ್ತಿತ್ತು.

"ಏನಮ್ಮಾ, ಬೀದೀಲಿ ಕೊಳಂದೆ, ಮಗೂನ ಸಾಯಿಸ್ತಿಯಾ? ಮೆಟ್ಲು ಇದೆಯಲ್ಲ. ಗಾಡಿ ಬರಲ್ಲ, ನೆರಳಿದೆ, ಹಿಡ್ಕೊಳ್ಳೋಕೆ ಗೋಡೆ ಇದೆ," ಎಂದಳು ಅರೋಕಿಯಮ್ಮ.

"ಬೂಟು ಹಾಕ್ಕೊಂಡು ನಿಮ್ಮ ದೇವರ ಮೆಟ್ಲು ಹತ್ಬಹುದಾ?"

"ನಾವೂ ಚಪ್ಪಲಿ ಬಿಟ್ಟೇ ಹತ್ತೋದು. ಇರು, ಸಾಮಿಯಾರನ್ನ ಕೇಳ್ತೀನಿ."

ಮೂರನೆಯ ದಿನ ಅವಳು ಪಾದ್ರಿಗಳ ಉತ್ತರ ತಂದಳು. "ಸಾಮಿಯಾರ್ ನಕ್ಕುಬಿಟ್ರಮ್ಮಾ. ಆ ಕೊಳಂದೆಗೆ ಅದು ಬೂಟಲ್ಲ, ಕಾಲು. ಕಾಲನ್ನ ಹೊರಗಿಟ್ಟು ಬಾ ಅನ್ನೋಕಾಗುತ್ತಾ ಅಂದ್ರು."

ಸರಸ ಆ ಮಾತು ಕೇಳಿ ಅಂಗಡಿಯ ಹಲಗೆಯ ಮೇಲೆ ಕೂತು ಅತ್ತಳು. ಅದೇ ದಿನ ಮೆಟ್ಟಿಲ ಬುಡದಲ್ಲಿ ನಿಂತು ಹರಕೆ ಹೇಳಿಕೊಂಡಳು. ನಿನ್ನ ಹಬ್ಬದ ದಿನ ನನ್ನ ಮಗಳು ತನ್ನ ಕಾಲ ಮೇಲೆ ನಿನ್ನ ಬಾಗಿಲಿಗೆ ಬಂದರೆ, ತೌರಿನಲ್ಲಿ ಕೊಟ್ಟ ಕಾಲುಗೆಜ್ಜೆ ಕರಗಿಸಿ ಬೆಳ್ಳಿಯ ಕಾಲು ಒಪ್ಪಿಸುತ್ತೇನೆ ಎಂದು. ಹೇಳಿಕೊಂಡದ್ದು ತುಳುವಿನಲ್ಲಿ. ಬೇರೆ ಯಾವ ಭಾಷೆಯಲ್ಲೂ ಅವಳಿಗೆ ಬೇಡಲು ಬರುತ್ತಿರಲಿಲ್ಲ.

ಜುಲೈಯಲ್ಲಿ ಬೇಬಿ ಐದು ಮೆಟ್ಟಿಲು ಹತ್ತಿದಳು. ಐದಕ್ಕೇ ಬೆವರಿ ಅತ್ತಳು. ಆಗಸ್ಟಿನಲ್ಲಿ ಹದಿನೆಂಟು. ಸೆಪ್ಟೆಂಬರಿನಲ್ಲಿ, ಶಿಲುಬೆ ಹೊತ್ತ ಏಸುವಿನ ಚಿತ್ರವಿರುವ ಒಂದು ಕಟ್ಟೆ ಮುಟ್ಟಿ, ಅಲ್ಲಿಂದ ಮೀನಂಬಾಕ್ಕಂನಲ್ಲಿ ವಿಮಾನ ಇಳಿಯುವುದನ್ನು ನೋಡಿ ಚಪ್ಪಾಳೆ ತಟ್ಟಿದಳು. ಒಟ್ಟು ಮೆಟ್ಟಿಲು ನೂರಮೂವತ್ತು ಚಿಲ್ಲರೆ. ನವರಾತ್ರಿಯ ಹೊತ್ತಿಗೆ ಅರವತ್ತು ದಾಟಿತು. ಸರಸ ಅಕ್ಕಸಾಲಿಗನಿಗೆ ಗೆಜ್ಜೆ ಕೊಟ್ಟು ಹೆಬ್ಬೆರಳ ಗಾತ್ರದ ಬೆಳ್ಳಿ ಕಾಲು ಮಾಡಿಸಿ, ಅರಿಸಿನದ ಬಟ್ಟೆಯಲ್ಲಿ ಗಂಟು ಕಟ್ಟಿ, ಸೀರೆಪೆಟ್ಟಿಗೆಯಲ್ಲಿಟ್ಟಳು.

ಆದರೆ ದಿನದಲ್ಲಿ ಆ ಎರಡು ಗಂಟೆ ಬಿಟ್ಟರೆ ಉಳಿದದ್ದೆಲ್ಲ ಅಜ್ಜನ ಸೊಂಟ, ಅಡುಗೆಮನೆಯ ನೆಲ.

ಸುದ್ದಿ ಹೇಳಿದವನು ದಿನಾ ಕಾಫಿಗೆ ಬರುವ ಒಬ್ಬ ಗಿರಾಕಿ. "ಸಾಮಿ, ನಿಮ್ಮ ಮೊಮ್ಮಗಳು ಬೆಟ್ಟದ ಅರ್ಧ ದಾಟ್ತಾಳೆ," ಎಂದು ಖುಷಿಯಿಂದಲೇ ಹೇಳಿದ. ಮಧ್ವರಾಜರು ಚಿಲ್ಲರೆ ಎಣಿಸಿ ಕೊಟ್ಟು, ಗಲ್ಲಾ ಮುಚ್ಚಿ ಒಳಗೆ ಬಂದರು. ಸರಸ ಉದ್ದಿನಬೇಳೆ ತೊಳೆಯುತ್ತಿದ್ದಳು.

"ಇಪ್ಪತ್ತೆರಡು ವರ್ಷದಿಂದ ನಾನು ಹತ್ತದ ಮೆಟ್ಲನ್ನು ನೀನು ಯಾರನ್ನು ಕೇಳಿ ಹತ್ತಿದ್ದು?"

"ಯಾರನ್ನೂ ಕೇಳ್ಲಿಲ್ಲ ಮಾವ. ಕೇಳಿದ್ರೆ ಬಿಡ್ತಿದ್ರಾ?"

"ನಮ್ಮಲ್ಲಿ ದೇವರಿಗೆ ಬರಗಾಲ ಬಂದಿತ್ತಾ?"

"ನಮ್ಮ ದೇವರ ಎದುರು ಬೂಟು ಬಿಚ್ಬೇಕು. ಬಿಚ್ಚಿದ್ರೆ ಅವಳು ಬೀಳ್ತಾಳೆ. ಅಲ್ಲಿ ಹಾಕ್ಕೊಂಡೇ ನಿಲ್ಬಹುದು."

"ಇವತ್ತು ಬೂಟು, ನಾಳೆ ಮೊಣಕಾಲೂರಿ ಪ್ರಾರ್ಥನೆ. ಹಾಗೇ ಶುರುವಾಗುದು ಇದೆಲ್ಲ."

"ಹಾಗಾದ್ರೆ ಬೂಟನ್ನು ಒಳಗೆ ಬಿಡಿ. ನಾಳೆಯಿಂದ ಬೆಟ್ಟದ ಕಡೆ ತಲೆ ಹಾಕಿಯೂ ಮಲಗುದಿಲ್ಲ ನಾನು."

ಮಧ್ವರಾಜರು ಗಲ್ಲಾಕ್ಕೆ ಹಿಂತಿರುಗಿದರು. ಅಂದಿನಿಂದ ಸೊಸೆಯೊಡನೆ ಮಾತು ಬಿಟ್ಟರು. ಏನು ಬೇಕಿದ್ದರೂ "ಬೇಬೀ, ನಿನ್ನ ಅಮ್ಮನಿಗೆ ಹೇಳು, ಚಟ್ನಿಗೆ ಉಪ್ಪು ಕಮ್ಮಿ" ಎಂದು ಮಗುವಿನ ಮೂಲಕ. ಮಗು ಪಕ್ಕದಲ್ಲೇ ಇದ್ದ ತಾಯಿಗೆ ಅದನ್ನು ತಮಿಳಿನಲ್ಲಿ ಹೇಳಿ ನಗುತ್ತಿತ್ತು. ಸರಸ ಬೆಟ್ಟಕ್ಕೆ ಹೋಗುವುದನ್ನು ಬಿಡಲಿಲ್ಲ. ಅಕ್ಟೋಬರ್ ಮುಗಿಯುವಾಗ ತೊಂಬತ್ತನೆಯ ಮೆಟ್ಟಿಲು.

*

ನವೆಂಬರಿನಲ್ಲಿ ಮದರಾಸಿನ ಮಳೆ ಹಿಡಿಯಿತು. ಮೆಟ್ಟಿಲು ಜಾರುವುದೆಂದು ಸರಸ ಒಂದು ವಾರ ಬೆಟ್ಟ ನಿಲ್ಲಿಸಿದಳು. ಆ ವಾರದಲ್ಲೇ ಆದದ್ದು. ಅನ್ನ ಬಸಿಯುವ ದೊಡ್ಡ ಹಂಡೆಯಿಂದ ಕುದಿಯುವ ತಿಳಿ ಚೆಲ್ಲಿ ನೆಲದ ಮೇಲೆ ಹರಿದಿತ್ತು. ಕೈಯೂರಿ ಬರುತ್ತಿದ್ದ ಬೇಬಿ ಅದರಲ್ಲಿ ಎರಡೂ ಅಂಗೈ ಇಟ್ಟಳು.

ಕಿರಿಚಿದ ಸದ್ದಿಗೆ ಹೋಟೆಲಿನ ಗಿರಾಕಿಗಳೂ ಎದ್ದು ನಿಂತರು. ಅಂಬುಜಮ್ಮ ಮಗುವಿನ ಕೈಗೆ ಜೇನುತುಪ್ಪ ಸವರುತ್ತ, "ನಿಂತ್ಕೊಂಡಿದ್ರೆ ಪಾದಕ್ಕೆ ತಾಗ್ತಿತ್ತು, ಹಾರಿ ತಪ್ಪಿಸ್ತಿತ್ತು. ನಾಯಿಮರಿ ಹಾಗೆ ಬಂದು ಕೈ ಇಟ್ಟಿತಲ್ಲ," ಎಂದು ಅತ್ತರು. ಸರಸ ಅತ್ತೆಯನ್ನು ನೋಡಿದ ನೋಟ ಸಾಕಾಗಿತ್ತು.

ಆ ಸಂಜೆ ಅಂಬುಜಮ್ಮ ಗಂಡನಿಗೆ ಬಡಿಸುವಾಗ ಪಾತ್ರೆಯನ್ನು ಕುಕ್ಕಿ ಇಟ್ಟರು.

"ಸಾಕು ನಿಮ್ಮ ಮಡಿ. ಬೂಟು ಒಳಗೆ ಬರ್ಲಿ."

"ಬಂದ್ರೆ ಹೋಟೆಲಿನ ಹೆಸರು?"

"ಹೆಸರು ಕಟ್ಕೊಂಡು ಮಗುವಿನ ಕೈ ಸುಡುದಾ?"

ಮಧ್ವರಾಜರು ಕಲಸಿದ ಅನ್ನವನ್ನೇ ಮತ್ತೆ ಮತ್ತೆ ಕಲಸಿದರು. ಕೊನೆಗೆ, "ಒಮ್ಮೆ ಶುದ್ಧ ಮಾಡಿದ್ರೆ ನನ್ನ ಅಭ್ಯಂತರ ಇಲ್ಲ," ಎಂದರು. "ಹುಣಸೆಹುಳಿಯಲ್ಲಿ ತಿಕ್ಕು. ಗೋಮೂತ್ರದಲ್ಲಿ ಒಂದು ರಾತ್ರಿ ನೆನೆಹಾಕು. ಆಮೇಲೆ ಬೆಂಕಿಯ ಶಾಖ ತಾಗ್ಲಿ. ಅಗ್ನಿ ಮುಟ್ಟಿದ ಮೇಲೆ ಮೈಲಿಗೆ ಉಳಿಯುದಿಲ್ಲ."

ಮರುದಿನ ಬೆಳಿಗ್ಗೆ ಸರಸ ಮುಟ್ಟಾಗಿ ಹೊರಗೆ ಕೂತಳು. ಹಿತ್ತಲ ಕೊನೆಯ ಸಣ್ಣ ಕೋಣೆಯಲ್ಲಿ ಮೂರು ದಿನ ಅವಳ ವಾಸ. ಮಗುವನ್ನೂ ಮುಟ್ಟುವಂತಿಲ್ಲ. ಒಳ್ಳೆಯದೇ ಆಯಿತು ಎಂದುಕೊಂಡರು ಅಂಬುಜಮ್ಮ. ನಾಲ್ಕನೆಯ ದಿನ ಸ್ನಾನ ಮಾಡಿ ಬಂದಾಗ ಬೂಟು ಒಳಗಿರುವುದನ್ನು ನೋಡಿ ಸೊಸೆಗೆ ಆಶ್ಚರ್ಯವಾಗಬೇಕು. ಐದು ತಿಂಗಳು ಊದಿಕೊಂಡಿದ್ದ ಮುಖ ಆ ದಿನವಾದರೂ ಅರಳಬೇಕು.

ಅವರು ತಾವೇ ಜಗಲಿಗೆ ಬಂದು, ಜೀವಮಾನದಲ್ಲಿ ಮೊದಲ ಸಲ ಬರಿಗೈಯಿಂದ ಚರ್ಮ ಮುಟ್ಟಿದರು. ಹುಣಸೆಹಣ್ಣು ಹಾಕಿ ಗಸಗಸ ತಿಕ್ಕಿದರು. ಗೋಮೂತ್ರದ ಬಕೆಟಿನಲ್ಲಿ ಮುಳುಗಿಸಿ, ತೇಲದಂತೆ ಮೇಲೊಂದು ಕಲ್ಲಿಟ್ಟು, ಒಂದು ರಾತ್ರಿ ಸಾಲದೆಂದು ಎರಡು ರಾತ್ರಿ ನೆನೆಸಿದರು. ಬಿಸಿಲಿರಲಿಲ್ಲ. ಹಾಗಾಗಿ ಮೂರನೆಯ ದಿನ ಹೋಟೆಲಿನ ದೊಡ್ಡ ಒಲೆಯ ಮಗ್ಗುಲಿಗೆ ಇಟ್ಟರು. ಬೆಳಗಿನ ಇಡ್ಲಿಯಿಂದ ಸಂಜೆಯ ಬೋಂಡದವರೆಗೆ ಉರಿದ ಒಲೆ. ನಾಲ್ಕನೆಯ ದಿನ ಬೆಳಿಗ್ಗೆ ಮೀಸಲು ನೀರು ಪ್ರೋಕ್ಷಣೆ ಮಾಡಿ, ಬೂಟಿನ ಮೂತಿಗೆ ಕುಂಕುಮ ಇಟ್ಟರು.

ಒದ್ದೆ ಕೂದಲಲ್ಲಿ ಬಂದ ಸರಸಳ ಮುಂದೆ ಅದನ್ನು ಎರಡೂ ಕೈಯಲ್ಲಿ ಹಿಡಿದು, "ನೋಡು, ಇನ್ನು ಇದು ನಮ್ಮ ಮನೆಯದ್ದು. ಹಾಕು ಮಗುವಿಗೆ. ದೇವರ ಕೋಣೆಗೂ ಬರ್ಲಿ," ಎಂದರು.

ಸರಸ ಅದನ್ನು ತೆಗೆದುಕೊಂಡಳು. ಚರ್ಮ ಸುಟ್ಟ ಹಪ್ಪಳದ ಹಾಗೆ ಸೊಟ್ಟಗಾಗಿ ಕರಕಲಾಗಿತ್ತು. ತೊಡೆಯ ಪಟ್ಟಿ ಬೆರಳು ತಾಗಿದ್ದಕ್ಕೇ ಲಟಕ್ಕೆಂದು ಮುರಿಯಿತು. ಕಬ್ಬಿಣದ ಕೀಲಿಗೆ ತುಕ್ಕು ಹಿಡಿದಿತ್ತು. ಬೇಬಿಯ ಕಾಲು ಅದರೊಳಗೆ ಅರ್ಧಕ್ಕೆ ನಿಂತಿತು. ಒತ್ತಿದರೆ ಮಗು "ವಲಿಕ್ಕಿದು ಅಮ್ಮಾ, ನೋಯ್ತದೆ" ಎಂದು ಅತ್ತಿತು.

"ಎಣ್ಣೆ ಹಚ್ಚಿದ್ರೆ ಸರಿಯಾಗ್ತದೇನೋ," ಎಂದರು ಅಂಬುಜಮ್ಮ. ಅವರ ದನಿ ಅವರಿಗೇ ಕೇಳಿಸುವಂತಿರಲಿಲ್ಲ.

*

ಆಸ್ಪತ್ರೆಗೆ ಅತ್ತೆ ಸೊಸೆ ಇಬ್ಬರೂ ಹೋದರು. ಡಾಕ್ಟರು ಬೂಟನ್ನು ಮೂಸಿ ನೋಡಿ ಮೇಜಿನ ಮೇಲೆ ಹಾಕಿದರು. ಬೇಬಿಯನ್ನು ಮಲಗಿಸಿ ಮಂಡಿ ಬಿಡಿಸಿ ನೋಡಿದರು. ಅದು ಪೂರ್ತಿ ಬಿಡಿಸಿಕೊಳ್ಳಲಿಲ್ಲ.

"ದಿನಕ್ಕೆ ಎಷ್ಟು ಹೊತ್ತು ಹಾಕಿದ್ದೀರಿ?"

"ಎರಡು ಗಂಟೆ," ಎಂದಳು ಸರಸ.

"ನಾನು ಹೇಳಿದ್ದೇನು?"

"ದಿನವಿಡೀ."

ಹೊಸದು ಬರುವುದು ಮಾರ್ಚಿನಲ್ಲಿ ಎಂದರು ಅವರು. ಅಷ್ಟರೊಳಗೆ ಮಂಡಿ ಇನ್ನೂ ಬಿಗಿಯುತ್ತದೆ. ಬಿಗಿದರೆ ಹೊಸ ಬೂಟು ಹಾಕಲೂ ಬರುವುದಿಲ್ಲ. ಆಪರೇಷನ್ ಮಾಡಿ, ಕತ್ತರಿಸಿ ಬಿಡಿಸಬೇಕಾದೀತು. ಆಮೇಲೂ ನಡೆಯುತ್ತಾಳೆಂದು ಬರೆದುಕೊಡಲಾರೆ. ಅಂಬುಜಮ್ಮನಿಗೆ ಅವರ ತಮಿಳು ಪೂರ್ತಿ ತಿಳಿಯಿತು. ತಿಳಿಯದಿದ್ದರೆ ಚೆನ್ನಾಗಿತ್ತು.

ಆ ದಿನ ಊಟಕ್ಕೆ ಕೂತಾಗ ಯಾರಿಗೂ ಅನ್ನ ಇಳಿಯಲಿಲ್ಲ. ಕೃಷ್ಣರಾಜನೇ ಮಾತು ತೆಗೆದ.

"ಅಮ್ಮ, ಚರ್ಮವನ್ನು ನೀರಲ್ಲಿ ಹಾಕ್ತಾರಾ ಯಾರಾದ್ರೂ?"

"ಚರ್ಮದ ಸುದ್ದಿ ನನಗೆ ಗೊತ್ತುಂಟಾ ಮಗಾ? ಅರವತ್ತು ವರ್ಷದಲ್ಲಿ ಮುಟ್ಟಿದವಳಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅಂತ ಆಯ್ತು ನನ್ನದು."

"ಹೇಳಿದ್ದು ನಾನು," ಎಂದರು ಮಧ್ವರಾಜರು. "ಅವಳನ್ನು ಬೈಬೇಡ."

"ಯಾರನ್ನೂ ಬೈಬೇಡಿ," ಎಂದಳು ಸರಸ. ಐದು ವಾರದ ಮೇಲೆ ಮಾವನ ಮುಖ ನೋಡಿ ಆಡಿದ ಮೊದಲ ಮಾತು ಅದು. "ಐದು ತಿಂಗಳು ನೀವು ಮಗುವನ್ನು ಎತ್ಕೊಂಡ್ರಿ, ಅತ್ತೆ ಬೂಟು ತೊಳೆದ್ರು, ಇವರು ಆಮೇಲೆ ನೋಡುವ ಅಂದ್ರು. ಎಲ್ಲರೂ ಒಳ್ಳೆಯದೇ ಮಾಡಿದ್ದು. ಒಬ್ಬರಾದ್ರೂ ಕೆಟ್ಟವರಿದ್ದಿದ್ರೆ ನಾನು ಜಗಳ ಆಡಿ ಗೆಲ್ತಿದ್ದೆ."

ಅವಳು ಎದ್ದು ಎಲೆ ಎತ್ತಿದಳು. ಎಲೆಯ ಮೇಲಿನ ಅನ್ನ ಹಾಗೆಯೇ ಇತ್ತು.

*

ಡಿಸೆಂಬರ್ ಒಂಬತ್ತಕ್ಕೆ ಬೆಟ್ಟದ ಮೇಲೆ ಬಾವುಟ ಏರಿತು. ಜನ ತಂಡತಂಡವಾಗಿ ಬಂದರು. ಚೆಂಗಲ್ಪಟ್ಟಿನಿಂದ ಕಾಲ್ನಡಿಗೆಯಲ್ಲಿ ಬಂದವರೂ ಇದ್ದರು. ಸರಸ ಬೆಳಗ್ಗಿನಿಂದ ಹಿಟ್ಟು ರುಬ್ಬಿದಳು. ಬೆಟ್ಟದ ಕಡೆ ತಿರುಗಿಯೂ ನೋಡಲಿಲ್ಲ. ಅರೋಕಿಯಮ್ಮ ಕೂಗಿ ಕರೆದರೆ ತಲೆ ತಗ್ಗಿಸಿ ಒಳಗೆ ಹೋಗುತ್ತಿದ್ದಳು.

ಹದಿನೇಳರ ಸಂಜೆ ಅಂಬುಜಮ್ಮ ರುಬ್ಬುವ ಕಲ್ಲಿನ ಬಳಿ ಬಂದು ಕೂತರು.

"ನೀನು ಹರಕೆ ಹೇಳಿದ್ದೀಯಂತೆ. ಅರೋಕಿಯಮ್ಮ ಹೇಳಿದ್ಲು."

"ಹೇಳಿದ್ದೆ. ಅವಳ ಕಾಲ ಮೇಲೆ ಬಂದ್ರೆ ಅಂತ. ಇನ್ನು ಎಂತ ಹರಕೆ?"

"ಹೇಳಿದ್ದನ್ನು ಬಿಡ್ಲಿಕ್ಕಾಗುದಿಲ್ಲ ಸರಸ. ಯಾವ ದೇವರಾದ್ರೂ ದೇವರೇ. ನಾಳೆ ನಾನು ಎತ್ಕೊಂಡು ಹತ್ತುತ್ತೇನೆ."

"ಎತ್ತಿಯೇ ಇಷ್ಟಾದದ್ದು ಅತ್ತೆ."

ಆದರೂ ಮರುದಿನ ಮಧ್ಯಾಹ್ನ ಸರಸ ಬೆಳ್ಳಿ ಕಾಲನ್ನು ಸೆರಗಿಗೆ ಗಂಟು ಹಾಕಿಕೊಂಡಳು, ಮೂವರೂ ಹೊರಟರು. ಮಧ್ವರಾಜರು ಗಲ್ಲಾದಲ್ಲಿ ಕೂತು ನೋಡಿದರು. ತಡೆಯಲಿಲ್ಲ.

ಮೆಟ್ಟಿಲ ತುಂಬ ಜನ. ಬಾಳೆಗೊನೆ ಹೊತ್ತವರು, ಬಸುರಿಯರ ಸೊಂಟ ಹಿಡಿದು ನಡೆಸುವ ಗಂಡಂದಿರು, ಎಳೆಗೂಸನ್ನು ಒಪ್ಪಿಸಲು ತಂದ ತಾಯಂದಿರು. ಅಂಬುಜಮ್ಮ ಬೇಬಿಯನ್ನು ಸೊಂಟದಲ್ಲಿಟ್ಟುಕೊಂಡು ಹತ್ತು ಮೆಟ್ಟಿಲಿಗೇ ಏದುಸಿರು ಬಿಟ್ಟು ಗೋಡೆ ಹಿಡಿದರು. ಸರಸ ಕೈ ಚಾಚಿದಾಗ ಬೇಬಿ ಬರಲಿಲ್ಲ. ಅವಳು ಮೆಟ್ಟಿಲ ಆಚೆ ಬದಿ ನೋಡುತ್ತಿದ್ದಳು. ಅಲ್ಲಿ ಏಳೆಂಟು ಮಂದಿ, ಹೆಂಗಸರು ಗಂಡಸರು, ಕೈಯಲ್ಲಿ ಮೇಣದಬತ್ತಿ ಹಿಡಿದು, ಒಂದೊಂದೇ ಮೆಟ್ಟಿಲಿಗೆ ಮಂಡಿಯೂರುತ್ತ ಮೇಲೇರುತ್ತಿದ್ದರು. ಅದು ಅವರ ಹರಕೆಯ ಪದ್ಧತಿ. ದೊಡ್ಡ ಕಷ್ಟ ಬಂದವರು ಹಾಗೆ ಹತ್ತುತ್ತಾರೆ.

"ಅಜ್ಜಿ, ಇಳಿಸಿ," ಎಂದಳು ಬೇಬಿ. "ಇಲ್ಲಿ ಎಲ್ಲರೂ ನನ್ನ ಹಾಗೇ ನಡೀತಾರೆ. ಪಾರುಂಗೊ, ನೋಡಿ!"

ಸರಸ ಬೇಡವೆನ್ನುವ ಮೊದಲೇ ಮಗು ಜಾರಿ ಇಳಿಯಿತು. ಸುಟ್ಟು ವಾಸಿಯಾಗಿ ಕೆಂಪಗಿದ್ದ ಅಂಗೈಗಳನ್ನು ಮೇಲಿನ ಕಲ್ಲಿಗೆ ಊರಿ, ಮಂಡಿ ಎಳೆದು ಹತ್ತಿತು. ಮನೆಯಲ್ಲಿ ಎರಡು ವರ್ಷ ಮಾಡಿದ ಅಭ್ಯಾಸ. ಮಂಡಿಯೂರಿ ಸುಸ್ತಾದ ದೊಡ್ಡವರನ್ನು ಅದು ಬೇಗ ಹಿಂದೆ ಹಾಕಿತು. ತಿರುಗಿ ತಾಯಿಯನ್ನು ನೋಡಿ ನಕ್ಕಿತು.

"ಎಂಥ ಬಕ್ತಿ! ಇಷ್ಟು ಚಿಕ್ಕ ಕೊಳಂದೆ!" ಎಂದಳು ಒಬ್ಬಳು ಮುದುಕಿ. ಜನ ಸರಿದು ದಾರಿ ಬಿಟ್ಟರು. ಯಾರೋ ಮಗುವಿನ ತಲೆಗೆ ಮಲ್ಲಿಗೆ ಮುಡಿಸಿದರು. ಒಬ್ಬಾಕೆ ಸರಸಳ ಕೈ ಹಿಡಿದು, ನೀನು ಪುಣ್ಯವಂತೆ ತಾಯಿ, ಮಗಳಿಗೆ ಎಂಥ ವಿಶ್ವಾಸ ಕಲಿಸಿದ್ದೀಯೆ ಎಂದಳು. ಸರಸಳಿಗೆ ಆ ಕಲ್ಲಿಗೆ ತಲೆ ಚಚ್ಚಿಕೊಳ್ಳಬೇಕೆನಿಸಿತು. ತೊಂಬತ್ತನೆಯ ಮೆಟ್ಟಿಲು ಬಂತು. ಅಕ್ಟೋಬರಿನಲ್ಲಿ ಬೇಬಿ ನಿಂತ ಕಾಲಿನಲ್ಲಿ ಮುಟ್ಟಿದ್ದ ಮೆಟ್ಟಿಲು. ಮಗು ಅದರ ಮೇಲೆ ಕೈಯೂರಿ ಮುಂದೆ ಹೋಯಿತು. ಅದಕ್ಕೆ ನೆನಪಿರಲಿಲ್ಲ.

ಹಿಂದೆ ತಿರುಗಿ ನೋಡಿದರೆ ಅತ್ತೆ ಕಾಣಲಿಲ್ಲ. ಆಮೇಲೆ ಕಂಡರು. ಅಂಬುಜಮ್ಮ ಕಚ್ಚೆ ಸೀರೆಯನ್ನು ಎತ್ತಿ ಸಿಕ್ಕಿಸಿ, ಮಂಡಿಯೂರಿ, ಒಂದೊಂದೇ ಮೆಟ್ಟಿಲು ಬರುತ್ತಿದ್ದರು. ಬಾಯಲ್ಲಿ "ಕೃಷ್ಣಾ, ಕೃಷ್ಣಾ" ಎನ್ನುತ್ತಿದ್ದರು.

ಮೇಲೆ, ಕಲ್ಲಿನ ಹಳೆಯ ಶಿಲುಬೆಯ ಮುಂದೆ, ಬೇಬಿಯ ಮಂಡಿಯಿಂದ ರಕ್ತ ಜಿನುಗುತ್ತಿತ್ತು. ಅಂಬುಜಮ್ಮ ಉಸಿರು ಹಿಡಿದುಕೊಂಡು ಪಕ್ಕಕ್ಕೆ ಬಂದು, "ಬೆಳ್ಳಿ ಕಾಲು ಕೊಟ್ಟುಬಿಡು," ಎಂದರು.

"ಕಾಲ ಮೇಲೆ ಬಂದ್ರೆ ಅಂತ ಹೇಳಿದ್ದು ಅತ್ತೆ. ಸುಳ್ಳು ಹೇಳಿ ಕೊಡುದಾ?"

"ಅವಳೂ ತಾಯಿ. ಅರ್ಥ ಮಾಡ್ಕೊಳ್ತಾಳೆ."

"ಅರ್ಥ ಮಾಡ್ಕೊಳ್ಳುವವರು ನನಗೆ ಮನೆಯಲ್ಲೇ ಬೇಕಾದಷ್ಟು ಇದ್ದಾರೆ," ಎಂದಳು ಸರಸ. ಸೆರಗಿನ ಗಂಟನ್ನು ಬಿಚ್ಚಲೇ ಇಲ್ಲ. ಮಗುವನ್ನು ಎತ್ತಿಕೊಂಡು ಇಳಿದಳು.

*

ಹೋಟೆಲಿನಲ್ಲಿ ಜನ ಕಿಕ್ಕಿರಿದಿದ್ದರು. ಬೆಟ್ಟ ಇಳಿದು ಬಂದ ಒಬ್ಬ ಮುದುಕ ಗಲ್ಲಾದ ಮುಂದೆ ನಿಂತು, "ಸಾಮಿ, ಇವತ್ತು ಒಂದು ಪುಟ್ಟ ಹುಡುಗಿ ಬುಡದಿಂದ ಮೇಲಿನವರೆಗೆ ಮಂಡಿಯಲ್ಲೇ ಹತ್ತಿದ್ಲು. ಅವಳನ್ನ ಸಾಕಿದ ಮನೆ ದೊಡ್ಡದು ಸಾಮಿ," ಎಂದ. ಮಧ್ವರಾಜರು ಅವನಿಗೆ ಕೊಡಬೇಕಾದ ಚಿಲ್ಲರೆಯನ್ನು ಕೈಯಲ್ಲೇ ಹಿಡಿದು ಕೂತರು. ಅವನು ಎರಡು ಸಲ ಕೇಳಿದ ಮೇಲೆ ಕೊಟ್ಟು, ಎದ್ದು ಒಳಗೆ ಹೋದರು.

ಸರಸ ಬೇಬಿಯನ್ನು ಹಿಂದಿನ ಜಗಲಿಯಲ್ಲಿ ಇಳಿಸಿ ಮಂಡಿ ತೊಳೆಯಲು ನೀರು ತರಲು ಹೋಗಿದ್ದಳು. ಮಧ್ವರಾಜರು ಹೊಸ್ತಿಲಿಗೆ ಬಂದರು. ಮಗುವಿನ ಮಂಡಿ ನೋಡಿದರು. ಗೂಡಿಗೆ ಕೈ ಹಾಕಿ, ಆಸ್ಪತ್ರೆಯಿಂದ ವಾಪಸು ತಂದಿಟ್ಟಿದ್ದ ಬೂಟನ್ನು ತೆಗೆದರು. ಮೂತಿಯ ಕುಂಕುಮ ಇನ್ನೂ ಹೋಗಿರಲಿಲ್ಲ.

"ಮಗಾ, ಇದನ್ನು ಹಾಕ್ಕೊಂಡೇ ಒಳಗೆ ಬಾ. ಅಡುಗೆಮನೆಗೂ ಬಾ. ಯಾರೂ ಎಂತ ಹೇಳುದಿಲ್ಲ. ನಾನು ಹೇಳ್ತೇನಲ್ಲ."

ಬೇಬಿ ಬೂಟನ್ನು ನೋಡಿ, ಅಜ್ಜನನ್ನು ನೋಡಿದಳು. "ಅದು ಈಗ ಹಿಡಿಸುದಿಲ್ಲ ಅಜ್ಜ. ಸಣ್ಣ ಆಗಿಬಿಟ್ಟಿದೆ."

ಮಧ್ವರಾಜರು ಬೂಟನ್ನು ಕಂಕುಳಲ್ಲಿ ಇರುಕಿಕೊಂಡು, ಎತ್ತಿಕೊಳ್ಳಲು ಎರಡೂ ಕೈ ಚಾಚಿದರು.

"ವೇಂಡಾಂ," ಎಂದಳು ಬೇಬಿ. "ನಾನೇ ಬರ್ತೇನೆ. ಇವತ್ತು ಎಲ್ಲ ಮೆಟ್ಲೂ ನಾನೇ ಹತ್ತಿದ್ದು, ಗೊತ್ತುಂಟಾ?"

ಅವಳು ಹೊಸ್ತಿಲ ಮೇಲೆ ಅಂಗೈ ಇಟ್ಟು, ಮಂಡಿ ಎಳೆದುಕೊಂಡು, ಎರಡು ವರ್ಷದಿಂದ ದಾಟುತ್ತಿದ್ದ ಹಾಗೆಯೇ ಅದನ್ನು ದಾಟಿ ಅಡುಗೆಮನೆಯ ಕಡೆಗೆ ಹೋದಳು. ಮಧ್ವರಾಜರು ಚರ್ಮದ ಬೂಟನ್ನು ಹಿಡಿದುಕೊಂಡೇ ಅವಳ ಹಿಂದೆ ಒಳಗೆ ಬಂದರು. ಒಲೆಯ ಮುಂದೆ ಕೂತಿದ್ದ ಅಂಬುಜಮ್ಮ ಅದನ್ನು ನೋಡಿದರು. ಅದನ್ನು ಹೊರಗಿಡಿ ಎಂದು ಯಾರೂ ಹೇಳಲಿಲ್ಲ.